ಕಾರಣ ಹೇಳದ ಯಂತ್ರ, ಸಾಬೀತು ಕೇಳುವ ಸರ್ಕಾರ

2021ರ ಜನವರಿ 15ರಂದು ನೆದರ್ಲೆಂಡ್ಸ್ ಪ್ರಧಾನಿ ಮಾರ್ಕ್ ರುಟ್ಟೆ ತಮ್ಮ ಇಡೀ ಸಂಪುಟದ ರಾಜೀನಾಮೆ ಸಲ್ಲಿಸಿದರು. ಯಾವ ಸಚಿವರೂ ಲಂಚ ತಿಂದು ಸಿಕ್ಕಿಬಿದ್ದಿರಲಿಲ್ಲ. ಸರ್ಕಾರವನ್ನು ಉರುಳಿಸಿದ್ದು ಮಕ್ಕಳ ಪಾಲನಾ ಭತ್ಯೆಯ ಕಡತಗಳು. ಕೂಸುಗಳನ್ನು ಶಿಶುಪಾಲನಾ ಕೇಂದ್ರಕ್ಕೆ ಬಿಟ್ಟು ದುಡಿಯಲು ಹೋಗುವ ತಂದೆತಾಯಿಗೆ ಆ ದೇಶ ಕೊಡುವ ಈ ಭತ್ಯೆಯಲ್ಲಿ ಮೋಸ ಹುಡುಕಲು ಹೊರಟ ತೆರಿಗೆ ಇಲಾಖೆ, ಸಾವಿರಾರು ಕುಟುಂಬಗಳಿಗೆ ವಂಚಕರೆಂಬ ಹಣೆಪಟ್ಟಿ ಹಚ್ಚಿತ್ತು. ಅರ್ಜಿಯಲ್ಲಿ ಒಂದು ಸಹಿ ತಪ್ಪಿಹೋಗಿದ್ದರೂ ವರ್ಷಗಟ್ಟಲೆ ಕೊಟ್ಟ ಅಷ್ಟೂ ಹಣವನ್ನು ವಾಪಸು ಕೇಳಿತ್ತು. ಹತ್ತಾರು ಸಾವಿರ ಯೂರೊ ಸಾಲ ತಲೆ ಮೇಲೆ ಬಿದ್ದು ಮನೆ ಕಳೆದುಕೊಂಡವರಿದ್ದರು, ಸಂಸಾರ ಒಡೆದವರಿದ್ದರು. ನೊಂದ ಕುಟುಂಬಗಳ ಸಾವಿರಕ್ಕೂ ಹೆಚ್ಚು ಮಕ್ಕಳು ತಂದೆತಾಯಿಯಿಂದ ದೂರವಾಗಿ ಸರ್ಕಾರದ ಆಸರೆಗೆ ಹೋಗಿದ್ದರು. ಸಂಸದೀಯ ತನಿಖಾ ಸಮಿತಿ 2020ರ ಡಿಸೆಂಬರ್‌ನಲ್ಲಿ ಕೊಟ್ಟ ವರದಿ ಇದನ್ನು ಹಿಂದೆಂದೂ ಕಾಣದ ಅನ್ಯಾಯವೆಂದು ಕರೆಯಿತು. ಮುಂದೆ 30 ಸಾವಿರಕ್ಕೂ ಹೆಚ್ಚು ಪೋಷಕರನ್ನು ಸರ್ಕಾರವೇ ಸಂತ್ರಸ್ತರೆಂದು ಒಪ್ಪಿಕೊಂಡಿತು.

ಯಾರ ಅರ್ಜಿಯನ್ನು ಕೂಲಂಕಷವಾಗಿ ತಪಾಸಣೆ ಮಾಡಬೇಕು ಎಂದು ಆರಿಸುವ ಕೆಲಸವನ್ನು ಇಲಾಖೆ 2013ರಿಂದ ಒಂದು ಅಲ್ಗಾರಿದಂಗೆ ಒಪ್ಪಿಸಿತ್ತು. ಹಳೆಯ ಪ್ರಕರಣಗಳಿಂದ ತಾನೇ ಕಲಿಯುತ್ತಾ ಹೋಗುವ ಈ ವ್ಯವಸ್ಥೆ ಪ್ರತಿ ಅರ್ಜಿದಾರರಿಗೂ ಅಪಾಯದ ಅಂಕ ಕೊಡುತ್ತಿತ್ತು. ಡಚ್ ಪೌರತ್ವ ಇದೆಯೇ ಇಲ್ಲವೇ ಎಂಬುದೂ ಅದರ ಲೆಕ್ಕಾಚಾರದ ಒಂದು ಅಂಶ. ಹೆಚ್ಚು ಅಂಕ ಬಿದ್ದ ಕಡತ ನೌಕರರೊಬ್ಬರ ಮೇಜಿಗೆ ಹೋಗುತ್ತಿತ್ತು. ಆದರೆ ಅಂಕ ಏಕೆ ಹೆಚ್ಚಾಯಿತು ಎಂಬ ವಿವರ ಆ ನೌಕರರಿಗೂ ಸಿಗುತ್ತಿರಲಿಲ್ಲ ಎಂಬುದನ್ನು ಆಮ್ನೆಸ್ಟಿ ಇಂಟರ್‌ನ್ಯಾಷನಲ್ 2021ರ ವರದಿಯಲ್ಲಿ ಎತ್ತಿ ತೋರಿಸಿತು. ಅಂದರೆ ಅನುಮಾನ ಪಟ್ಟವರಿಗೇ ಅನುಮಾನದ ಕಾರಣ ಗೊತ್ತಿರಲಿಲ್ಲ. ಅನುಮಾನಕ್ಕೆ ಗುರಿಯಾದ ತಾಯಿ ಮಾತ್ರ ತಾನು ಪ್ರಾಮಾಣಿಕಳೆಂದು ಕಾಗದಪತ್ರ ಹೊತ್ತು ಸಾಬೀತು ಮಾಡಬೇಕಿತ್ತು.

ಕೃತಕ ಬುದ್ಧಿಮತ್ತೆಯ ನೈತಿಕತೆ ಎಂದಾಗ ನಮ್ಮ ಚರ್ಚೆ ಮನುಷ್ಯರನ್ನು ಮೀರಿಸುವ ಯಂತ್ರದ ಕಡೆಗೋ, ನಕಲಿ ವಿಡಿಯೊಗಳ ಕಡೆಗೋ, ಬೆಂಗಳೂರಿನ ಐಟಿ ನೌಕರಿಗಳ ಕಡೆಗೋ ಹರಿಯುತ್ತದೆ. ಅವೆಲ್ಲ ಚರ್ಚಿಸಬೇಕಾದ ವಿಷಯಗಳೇ. ಆದರೆ ಈಗಾಗಲೇ ಆಗಿಹೋದ ಹಾನಿಗಳ ದಾಖಲೆ ನೋಡಿದರೆ ಕಾಣುವ ಅಪಾಯ ಬೇರೆಯದೇ. ಅದು ಸರ್ಕಾರಿ ಕಚೇರಿಯ ನೀರಸ ಕಡತಗಳಲ್ಲಿದೆ. ಪ್ರಜೆಯ ಮೇಲೆ ಆರೋಪ ಹೊರಿಸುವವರು ಕಾರಣ ಹೇಳಬೇಕು, ಸಾಕ್ಷ್ಯ ಒದಗಿಸಬೇಕು ಎಂಬುದು ಆಧುನಿಕ ಆಡಳಿತದ ಅಡಿಗಲ್ಲು. ಯಂತ್ರದ ಅಂಕ ನಡುವೆ ಬಂದೊಡನೆ ಈ ಹೊರೆ ಸದ್ದಿಲ್ಲದೆ ಸರ್ಕಾರದ ಹೆಗಲಿನಿಂದ ಪ್ರಜೆಯ ಹೆಗಲಿಗೆ ಜಾರುತ್ತದೆ. ಯಂತ್ರ ಎಷ್ಟು ಬುದ್ಧಿವಂತ ಎಂದು ಕೇಳುವ ಮೊದಲು, ಅದು ತಪ್ಪಿದಾಗ ತಪ್ಪನ್ನು ತೋರಿಸಿಕೊಡಬೇಕಾದವರು ಯಾರು ಎಂದು ಕೇಳಬೇಕು.

ಈ ಜಾರುವಿಕೆಗೆ ಬುದ್ಧಿವಂತ ಯಂತ್ರವೇ ಬೇಕೆಂದೂ ಇಲ್ಲ. ಆಸ್ಟ್ರೇಲಿಯಾದಲ್ಲಿ 2016ರಲ್ಲಿ ದೊಡ್ಡ ಪ್ರಮಾಣದಲ್ಲಿ ಜಾರಿಯಾಗಿ, ಜನರ ಬಾಯಲ್ಲಿ 'ರೋಬೊಡೆಟ್' ಎಂದಾದ ಯೋಜನೆಯಲ್ಲಿದ್ದದ್ದು ಪ್ರಾಥಮಿಕ ಶಾಲೆಯ ಗಣಿತ. ಅಲ್ಲಿ ನಿರುದ್ಯೋಗ ಭತ್ಯೆಯನ್ನು ಎರಡು ವಾರಕ್ಕೊಮ್ಮೆ ಆಯಾ ಅವಧಿಯ ಆದಾಯ ನೋಡಿ ಕೊಡುತ್ತಾರೆ. ಹೊಸ ವ್ಯವಸ್ಥೆ ತೆರಿಗೆ ಇಲಾಖೆಯಿಂದ ವಾರ್ಷಿಕ ಆದಾಯದ ಅಂಕಿ ತರಿಸಿ, 26 ಪಕ್ಷಗಳಿಗೆ ಸಮನಾಗಿ ಭಾಗಿಸುತ್ತಿತ್ತು. ವರ್ಷದ ಮೊದಲರ್ಧ ಕೆಲಸವಿಲ್ಲದೆ ಭತ್ಯೆ ಪಡೆದು, ಉಳಿದರ್ಧ ದುಡಿದು 26 ಸಾವಿರ ಡಾಲರ್ ಗಳಿಸಿದ ಒಬ್ಬಾಕೆಯನ್ನು ಊಹಿಸಿಕೊಳ್ಳಿ. ಯಂತ್ರದ ಕಣ್ಣಿಗೆ ಆಕೆ ವರ್ಷವಿಡೀ ಪ್ರತಿ ಪಕ್ಷವೂ ಸಾವಿರ ಡಾಲರ್ ಗಳಿಸಿದವಳು, ಹಾಗಾಗಿ ಸುಳ್ಳು ಹೇಳಿ ಭತ್ಯೆ ತಿಂದವಳು. ಹಿಂದೆ ಇಂಥ ಅನುಮಾನ ಬಂದರೆ ನೌಕರರು ಉದ್ಯೋಗದಾತರನ್ನು ಕೇಳಿ ನಿಜ ತಿಳಿದುಕೊಳ್ಳುತ್ತಿದ್ದರು. ಈಗ ಆ ತನಿಖೆಯನ್ನೇ ಕೈಬಿಟ್ಟು, ಹಲವು ವರ್ಷ ಹಿಂದಿನ ಸಂಬಳದ ಚೀಟಿಗಳನ್ನು ನೀವೇ ತನ್ನಿ, ಇಲ್ಲವಾದರೆ ಸಾಲ ಕಟ್ಟಿ ಎಂಬ ಪತ್ರ ಹೋಗತೊಡಗಿತು. ನಾಲ್ಕು ಲಕ್ಷಕ್ಕೂ ಹೆಚ್ಚು ಜನರ ಮೇಲೆ ಸುಮಾರು 176 ಕೋಟಿ ಆಸ್ಟ್ರೇಲಿಯನ್ ಡಾಲರ್ ಸಾಲವನ್ನು ಹೀಗೆ ಕಾನೂನುಬಾಹಿರವಾಗಿ ಹೇರಲಾಗಿತ್ತು. 2023ರ ಜುಲೈನಲ್ಲಿ ಕ್ಯಾಥರಿನ್ ಹೋಮ್ಸ್ ನೇತೃತ್ವದ ರಾಯಲ್ ಕಮಿಷನ್, ಈ ಯೋಜನೆ ನ್ಯಾಯಯುತವೂ ಆಗಿರಲಿಲ್ಲ, ಕಾನೂನುಬದ್ಧವೂ ಆಗಿರಲಿಲ್ಲ ಎಂದು ಷರಾ ಬರೆಯಿತು.

ನಮ್ಮ ನೆರೆಯಲ್ಲೇ ಇದಕ್ಕೆ ಹತ್ತಿರದ ಉದಾಹರಣೆ ಇದೆ. ತೆಲಂಗಾಣ ಸರ್ಕಾರದ 'ಸಮಗ್ರ ವೇದಿಕ' ಎಂಬ ವ್ಯವಸ್ಥೆ ವಾಹನ ನೋಂದಣಿ, ಆಸ್ತಿ, ವಿದ್ಯುತ್ ಸಂಪರ್ಕದಂಥ ಹಲವು ಇಲಾಖೆಗಳ ದಾಖಲೆಗಳನ್ನು ಜೋಡಿಸಿ ಒಂದು ಕುಟುಂಬದ ಚಿತ್ರ ಕಟ್ಟುತ್ತದೆ. ಪಡಿತರ ಕಾರ್ಡಿಗೆ ಯಾರು ಅರ್ಹರಲ್ಲ ಎಂದು ಗುರುತಿಸಲು ಅದನ್ನು ಬಳಸಿದರು. ಬೇರಾರದೋ ಕಾರು ಹೆಸರಿನ ಹೋಲಿಕೆಯಿಂದಾಗಿ ಬಡವರೊಬ್ಬರ ಲೆಕ್ಕಕ್ಕೆ ಸೇರಿ, ಅವರ ಮನೆಯ ಪಡಿತರ ನಿಂತುಹೋದ ಪ್ರಕರಣ ಪತ್ರಿಕಾ ತನಿಖೆಯಲ್ಲಿ ಬಯಲಾಯಿತು. 2016ರಿಂದ ರದ್ದಾಗಿದ್ದ ಸುಮಾರು 19 ಲಕ್ಷ ಕಾರ್ಡುಗಳನ್ನು ಸ್ಥಳ ತನಿಖೆ ಮಾಡಿ ಮರುಪರಿಶೀಲಿಸುವಂತೆ 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಬೇಕಾಯಿತು. ರದ್ದಾದವುಗಳಲ್ಲಿ ನಿಜಕ್ಕೂ ಅನರ್ಹರ ಕಾರ್ಡುಗಳು ಬಹಳಷ್ಟಿದ್ದಿರಬಹುದು. ಆದರೆ ಮೊದಲು ರದ್ದು, ಆಮೇಲೆ ತನಿಖೆ ಎಂಬ ಕ್ರಮವೇ ತಲೆಕೆಳಗು. ಹೆಸರು ಹೊಂದಿಸುವ ಕೆಲಸ ನಮ್ಮಲ್ಲಿ ಎಷ್ಟು ಕಷ್ಟವೆಂದು ಯಾವ ಗ್ರಾಮ ಪಂಚಾಯಿತಿಯ ಡೇಟಾ ಎಂಟ್ರಿ ಆಪರೇಟರನ್ನು ಕೇಳಿದರೂ ಹೇಳುತ್ತಾರೆ. ಒಂದೇ ಊರಿನಲ್ಲಿ ನಾಲ್ಕು ಜನ ಲಕ್ಷ್ಮಮ್ಮಂದಿರು, ಅವರಲ್ಲಿ ಇಬ್ಬರ ಗಂಡಂದಿರ ಹೆಸರೂ ಒಂದೇ. ಆಧಾರ್‌ನಲ್ಲಿ ಇನಿಷಿಯಲ್ ಹೆಸರಿನ ಮುಂದೆ, ಪಹಣಿಯಲ್ಲಿ ಹಿಂದೆ. ಇಂಗ್ಲಿಷ್ ಕಾಗುಣಿತವಂತೂ ಬರೆದವರ ಕೈಗೆ ಬಂದಂತೆ. ಇಂಥ ದಾಖಲೆಗಳನ್ನು ಹೊಂದಿಸುವ ಯಂತ್ರ ಕೊಡುವುದು ಊಹೆ. ಆ ಊಹೆಯೇ ಆದೇಶವಾಗಿಬಿಡುವುದು ಅನ್ಯಾಯ.

ಸಾಬೀತಿನ ಹೊರೆ ತಿರುವುಮುರುವಾದರೆ ಅದು ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲ ಎಂಬುದನ್ನೂ ಗಮನಿಸಬೇಕು. ಆದಾಯ ತೆರಿಗೆ ನೋಟಿಸ್ ಬಂದ ವ್ಯಾಪಾರಿ ಲೆಕ್ಕಪರಿಶೋಧಕರಿಗೆ ಫೋನ್ ಮಾಡುತ್ತಾರೆ. ಪಡಿತರ ನಿಂತ ಕೂಲಿಕಾರ್ಮಿಕರಿಗೆ ತಾಲ್ಲೂಕು ಕಚೇರಿಗೆ ಹೋಗಿ ಬರುವುದೆಂದರೆ ಒಂದು ದಿನದ ಕೂಲಿ ಖೋತಾ. ಅಲ್ಲಿ ಸಿಗುವ ಉತ್ತರವೋ 'ಸಿಸ್ಟಂ ತಗೋತಿಲ್ಲ' ಎಂಬ ಮಾತು. ಈ ಮಾತಿಗೆ ಎದುರುವಾದವಿಲ್ಲ. ಗುಮಾಸ್ತರ ತಪ್ಪಾದರೆ ತಹಶೀಲ್ದಾರರಲ್ಲಿ ದೂರಬಹುದು, ತಹಶೀಲ್ದಾರರ ತಪ್ಪಾದರೆ ಮೇಲ್ಮನವಿ ಹಾಕಬಹುದು. ಸಿಸ್ಟಂನ ಮೇಲೆ ದೂರುವುದು ಯಾರಲ್ಲಿ? ಗುಮಾಸ್ತರು ಸಾಫ್ಟ್‌ವೇರ್ ತೋರಿಸುತ್ತಾರೆ, ಸಾಫ್ಟ್‌ವೇರ್ ಬರೆದ ಕಂಪನಿ ಇಲಾಖೆ ಕೊಟ್ಟ ದತ್ತಾಂಶ ತೋರಿಸುತ್ತದೆ, ಇಲಾಖೆ ಇನ್ನೊಂದು ಇಲಾಖೆಯ ಕಡೆ ಬೆರಳು ಮಾಡುತ್ತದೆ. ಹೊಣೆ ಹೀಗೆ ಕೈಯಿಂದ ಕೈಗೆ ದಾಟುತ್ತಾ ಕೊನೆಗೆ ಯಾರ ಕೈಯಲ್ಲೂ ಉಳಿಯುವುದಿಲ್ಲ.

ಆಕ್ಷೇಪಗಳು, ಉತ್ತರಗಳು

ಈ ವಾದಕ್ಕೆ ಎದುರಾಗುವ ಮೊದಲ ಆಕ್ಷೇಪ ಕರ್ನಾಟಕದವರಿಗೆ ಚೆನ್ನಾಗಿ ಗೊತ್ತಿರುವಂಥದ್ದು. ಮನುಷ್ಯರೇನು ಕಡಿಮೆ ಪಕ್ಷಪಾತಿಗಳೇ? ಜಾತಿ ನೋಡುವ, ಕೈ ಬೆಚ್ಚಗೆ ಮಾಡದೆ ಕಡತ ಅಲುಗಿಸದ ಅಧಿಕಾರಿಗಿಂತ ಕಂಪ್ಯೂಟರ್ ವಾಸಿಯಲ್ಲವೇ? ಇದರಲ್ಲಿ ಸತ್ಯವಿದೆ. 2000ದ ಆಸುಪಾಸಿನಲ್ಲಿ ಬಂದ 'ಭೂಮಿ' ಯೋಜನೆ ರಾಜ್ಯದ ಸುಮಾರು ಎರಡು ಕೋಟಿ ಪಹಣಿಗಳನ್ನು ಗಣಕೀಕರಿಸಿ, ಗ್ರಾಮ ಲೆಕ್ಕಿಗರ ಮರ್ಜಿ ಕಾಯುತ್ತಿದ್ದ ರೈತರಿಗೆ ತಾಲ್ಲೂಕು ಕಚೇರಿಯ ಕಿಟಕಿಯಲ್ಲೇ ದಾಖಲೆ ಸಿಗುವಂತೆ ಮಾಡಿತು. ಖಾತೆ ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲೇ ವಿಲೇವಾರಿಯಾಗಬೇಕು ಎಂಬ ನಿಯಮವನ್ನು ಯಂತ್ರವೇ ಪಾಲಿಸುವಂತೆ ಮಾಡಿತು. ಅದಕ್ಕೂ ಅದರದೇ ಕುಂದುಗಳಿದ್ದವು. ತಪ್ಪಾಗಿ ನಮೂದಾದ ಪಹಣಿ ತಿದ್ದಿಸಲು ಅಲೆದಾಡಿದವರು ಈಗಲೂ ಇದ್ದಾರೆ. ಆದರೂ ಒಂದು ಮೂಲಭೂತ ವ್ಯತ್ಯಾಸ ಕಾಣುತ್ತದೆ. ಪಹಣಿಯಲ್ಲಿ ಏನಿದೆ ಎಂಬುದನ್ನು ರೈತರು ಕೈಯಲ್ಲಿ ಹಿಡಿದು ಓದಬಹುದು, ಸರದಿಯ ನಿಯಮ ಊರಿಗೆಲ್ಲ ಗೊತ್ತು, ತಪ್ಪಿದ್ದರೆ ಇದೇ ಸಾಲಿನಲ್ಲಿ ತಪ್ಪಿದೆ ಎಂದು ಬೆರಳಿಟ್ಟು ತೋರಿಸಬಹುದು. ಅಪಾಯದ ಅಂಕದಲ್ಲಿ ಬೆರಳಿಡುವ ಜಾಗವೇ ಇಲ್ಲ. ಅದು ಏನು ನೋಡಿತು, ಯಾವುದಕ್ಕೆ ಎಷ್ಟು ತೂಕ ಕೊಟ್ಟಿತು ಎಂಬುದು ಅಂಕ ಪಡೆದವರಿಗೆ ಕಾಣುವುದಿಲ್ಲ. ಯಂತ್ರ ಅಧಿಕಾರಿಯ ಕೈ ಕಟ್ಟಿದರೆ ಪ್ರಜೆಗೆ ಲಾಭ. ಪ್ರಜೆಯ ಬಾಯಿ ಕಟ್ಟಿದರೆ ಆ ಲಾಭ ಅಲ್ಲಿಗೇ ಕರಗುತ್ತದೆ. ಮೇಲಾಗಿ ಲಂಚಕೋರ ಅಧಿಕಾರಿಯ ಅನ್ಯಾಯ ಒಂದು ತಾಲ್ಲೂಕಿಗೆ ಸೀಮಿತ. ದೋಷವಿರುವ ಸೂತ್ರ ಇಡೀ ರಾಜ್ಯಕ್ಕೆ ಒಂದೇ ರಾತ್ರಿಯಲ್ಲಿ ಜಾರಿಯಾಗುತ್ತದೆ.

ಎರಡನೆಯ ಆಕ್ಷೇಪ ತಂತ್ರಜ್ಞರದು. ದೋಷವಿರುವುದು ದತ್ತಾಂಶದಲ್ಲಿ, ಅದನ್ನು ಸರಿಪಡಿಸಿದರೆ ಪಕ್ಷಪಾತ ಹೋಗುತ್ತದೆ ಎನ್ನುತ್ತಾರೆ ಅವರು. ಜನಾಂಗ, ಜಾತಿ, ಧರ್ಮದ ಕಾಲಂಗಳನ್ನು ಅಳಿಸಿಬಿಟ್ಟರೆ ಸಾಕೆಂಬುದು ಇದರ ಸರಳ ರೂಪ. 2019ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಜಿಯಾದ್ ಓಬರ್‌ಮೇಯರ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ ಇದನ್ನು ಅಲ್ಲಗಳೆಯಿತು. ಅಮೆರಿಕದ ಆಸ್ಪತ್ರೆಗಳಲ್ಲಿ ಯಾವ ರೋಗಿಗೆ ಹೆಚ್ಚುವರಿ ಆರೈಕೆ ಬೇಕು ಎಂದು ಹೇಳುತ್ತಿದ್ದ ಅಲ್ಗಾರಿದಂ ಜನಾಂಗವನ್ನು ನೋಡುತ್ತಲೇ ಇರಲಿಲ್ಲ. ಅದು ನೋಡುತ್ತಿದ್ದದ್ದು ಚಿಕಿತ್ಸೆಗೆ ಆದ ಖರ್ಚನ್ನು. ಆಸ್ಪತ್ರೆಯ ಬಾಗಿಲು ಸುಲಭವಾಗಿ ತೆರೆಯದ ಕಪ್ಪು ಜನರಿಗೆ ಅಷ್ಟೇ ಕಾಯಿಲೆಯಿದ್ದರೂ ಖರ್ಚು ಕಡಿಮೆ ಆಗಿರುತ್ತಿತ್ತು, ಹಾಗಾಗಿ ಯಂತ್ರ ಅವರನ್ನು ಆರೋಗ್ಯವಂತರೆಂದು ಬಗೆಯಿತು. ಈ ದೋಷ ತಿದ್ದಿದರೆ ಹೆಚ್ಚುವರಿ ಆರೈಕೆ ಪಡೆಯುವವರಲ್ಲಿ ಕಪ್ಪು ರೋಗಿಗಳ ಪಾಲು ಶೇ 17.7ರಿಂದ ಶೇ 46.5ಕ್ಕೆ ಏರುತ್ತದೆಂದು ಸಂಶೋಧಕರು ಲೆಕ್ಕಹಾಕಿದರು. ನಮ್ಮಲ್ಲಿ ಜಾತಿಯ ಕಾಲಂ ಅಳಿಸಿದರೂ ಕೇರಿಯ ವಿಳಾಸ, ಓದಿದ ಶಾಲೆ, ಅಪ್ಪನ ಹೆಸರು ಅದನ್ನೇ ಪಿಸುಗುಟ್ಟುತ್ತವೆ.

ಕಾಲಂ ಅಳಿಸುವುದಕ್ಕಿಂತ ಪ್ರಾಮಾಣಿಕವಾದ ಪ್ರಯತ್ನ ಆಮ್ಸ್‌ಟರ್‌ಡ್ಯಾಮ್ ನಗರಾಡಳಿತದ್ದು. ಪಾಲನಾ ಭತ್ಯೆ ಹಗರಣದಿಂದ ಪಾಠ ಕಲಿತ ನಗರ, ಕಲ್ಯಾಣ ಭತ್ಯೆಯ ಅರ್ಜಿಗಳನ್ನು ತಪಾಸಣೆಗೆ ಆರಿಸಲು ಆದಷ್ಟೂ ನ್ಯಾಯವಾದ ಮಾದರಿ ಕಟ್ಟಲು ಹೊರಟಿತು. ತಜ್ಞರ ಸಲಹೆ ಪಡೆಯಿತು, ಪಕ್ಷಪಾತ ಅಳೆಯಿತು, ವಲಸಿಗರ ವಿರುದ್ಧ ವಾಲಿದ್ದನ್ನು ಕಂಡು ತಿದ್ದಿತು. 2023ರಲ್ಲಿ ನಿಜವಾದ ಅರ್ಜಿಗಳ ಮೇಲೆ ಪ್ರಯೋಗಿಸಿದಾಗ ಆ ವಾಲುವಿಕೆ ಈ ಬಾರಿ ಡಚ್ ಪ್ರಜೆಗಳ ಮತ್ತು ಮಹಿಳೆಯರ ವಿರುದ್ಧ ತಿರುಗಿತ್ತು. ನಗರ ಯೋಜನೆಯನ್ನೇ ಕೈಬಿಟ್ಟಿತು. ಎಲ್ಲ ಗುಂಪುಗಳಿಗೂ, ಎಲ್ಲ ಅಳತೆಗೋಲುಗಳಲ್ಲೂ ಏಕಕಾಲಕ್ಕೆ ಸಮನಾಗಿ ನಡೆದುಕೊಳ್ಳುವುದು ಸಾಮಾನ್ಯವಾಗಿ ಗಣಿತದಲ್ಲೇ ಸಾಧ್ಯವಿಲ್ಲವೆಂದು ಸಂಶೋಧಕರು 2016ರಷ್ಟು ಹಿಂದೆಯೇ ತೋರಿಸಿದ್ದರು. ಯಾರ ಪಾಲಿಗೆ ಯಾವ ತಪ್ಪು ಎಷ್ಟು ಆಗಬಹುದು ಎಂಬ ಆಯ್ಕೆಯನ್ನು ಯಾರಾದರೂ ಮಾಡಲೇಬೇಕು. ಆ ಆಯ್ಕೆ ಶಾಸನಸಭೆಯಲ್ಲಿ ಚರ್ಚೆಯಾಗಬೇಕಾದ ರಾಜಕೀಯ ನಿರ್ಧಾರ. ಅದನ್ನು ಟೆಂಡರ್ ಗೆದ್ದ ಕಂಪನಿಯ ಎಂಜಿನಿಯರಿಗೆ ಬಿಟ್ಟುಕೊಟ್ಟರೆ ಆಳುವ ಹೊಣೆಯನ್ನೇ ಹೊರಗುತ್ತಿಗೆಗೆ ಕೊಟ್ಟಂತೆ.

ಮೂರನೆಯದು ಅತಿ ಜನಪ್ರಿಯವಾದ ಸಮಾಧಾನ: ಯಂತ್ರ ಸಲಹೆಯನ್ನಷ್ಟೇ ಕೊಡುತ್ತದೆ, ಕೊನೆಯ ಸಹಿ ಮನುಷ್ಯರದೇ. ಸಹಿ ಹಾಕುವವರ ಜಾಗದಲ್ಲಿ ನಿಂತು ಯೋಚಿಸಿದರೆ ಈ ಸಮಾಧಾನ ಉಳಿಯುವುದಿಲ್ಲ. ಯಂತ್ರ ವಂಚಕರೆಂದು ಗುರುತಿಸಿದವರನ್ನು ಅಧಿಕಾರಿ ಬಿಟ್ಟು, ನಾಳೆ ಅವರು ನಿಜವಾಗಿಯೂ ವಂಚಕರೆಂದು ತಿಳಿದರೆ ಅಧಿಕಾರಿಯ ಕುತ್ತಿಗೆಗೇ ಬರುತ್ತದೆ. ಯಂತ್ರದ ಮಾತು ಕೇಳಿ ಅಮಾಯಕರ ಭತ್ಯೆ ನಿಲ್ಲಿಸಿದರೆ ಯಾರೂ ಕೇಳುವುದಿಲ್ಲ. ದಿನಕ್ಕೆ ನೂರು ಕಡತ ಮುಗಿಸಬೇಕಾದವರು, ಅಂಕದ ಕಾರಣವೂ ತಿಳಿಯದಿರುವಾಗ, ಯಾವ ಕಡೆ ಸಹಿ ಹಾಕುತ್ತಾರೆ ಎಂಬುದಕ್ಕೆ ಸಂಶೋಧನೆ ಬೇಕಿಲ್ಲ. ಯುರೋಪಿಯನ್ ಒಕ್ಕೂಟದ ನ್ಯಾಯಾಲಯ ಈ ನೆಪವನ್ನು ಗುರುತಿಸಿತು. ಜರ್ಮನಿಯಲ್ಲಿ ಜನರ ಸಾಲಯೋಗ್ಯತೆಗೆ ಅಂಕ ಕೊಡುವ ಶೂಫಾ ಎಂಬ ಸಂಸ್ಥೆಯ ಪ್ರಕರಣದಲ್ಲಿ, ಬ್ಯಾಂಕ್ ಆ ಅಂಕವನ್ನೇ ಬಲವಾಗಿ ನೆಚ್ಚಿಕೊಂಡಿದ್ದರೆ ಅಂಕ ನೀಡುವುದೇ ಸ್ವಯಂಚಾಲಿತ ನಿರ್ಧಾರವಾಗುತ್ತದೆ ಎಂದು 2023ರ ಡಿಸೆಂಬರ್‌ನಲ್ಲಿ ತೀರ್ಪಿತ್ತಿತು.

ನಾಲ್ಕನೆಯ ಆಕ್ಷೇಪಕ್ಕೆ ಎರಡು ಮುಖ. ಈಗಿನ ಯಂತ್ರಗಳು ಎಷ್ಟು ಜಟಿಲವೆಂದರೆ ಕಾರಣ ಹೇಳಲಾಗುವುದಿಲ್ಲ, ಹೇಳಿದರೆ ವಂಚಕರು ಅದನ್ನು ತಿಳಿದು ತಪ್ಪಿಸಿಕೊಳ್ಳುತ್ತಾರೆ. ಪ್ರಜೆ ಕೇಳುತ್ತಿರುವುದು ಸಾಫ್ಟ್‌ವೇರಿನ ಒಳಸುಳಿಗಳನ್ನಲ್ಲ ಎಂಬುದು ಇದಕ್ಕೆ ಉತ್ತರ. 'ನಿಮ್ಮ ಹೆಸರಿನಲ್ಲಿ ಇಂಥ ನಂಬರಿನ ಕಾರು ಇದೆಯೆಂದು ದಾಖಲೆ ಹೇಳುತ್ತದೆ' ಎಂಬ ಒಂದು ವಾಕ್ಯ ಸಾಕು, ಆ ಕಾರು ನನ್ನದಲ್ಲ ಎಂದು ಹೇಳಲು ದಾರಿಯಾಗುತ್ತದೆ. ಅಮೆರಿಕದಲ್ಲಿ 1970ರ ದಶಕದಿಂದಲೂ ಸಾಲ ನಿರಾಕರಿಸುವ ಬ್ಯಾಂಕು ಮುಖ್ಯ ಕಾರಣಗಳನ್ನು ಅರ್ಜಿದಾರರಿಗೆ ತಿಳಿಸಬೇಕೆಂಬ ಕಾನೂನಿದೆ. ಅಲ್ಗಾರಿದಂ ಜಟಿಲವಾಗಿದೆ ಎಂಬುದು ಇದರಿಂದ ತಪ್ಪಿಸಿಕೊಳ್ಳಲು ನೆಪವಾಗದು ಎಂದು ಅಲ್ಲಿನ ಗ್ರಾಹಕ ಹಣಕಾಸು ನಿಯಂತ್ರಕ ಸಂಸ್ಥೆ 2022ರಲ್ಲಿ ಸ್ಪಷ್ಟಪಡಿಸಿತು. ಅಷ್ಟಕ್ಕೂ ಕಾರಣ ಹೇಳಲಾಗದ ಯಂತ್ರ ಸಿನಿಮಾ ಶಿಫಾರಸು ಮಾಡಲಿ, ಯಾರದೂ ತಕರಾರಿಲ್ಲ. ಅನ್ನ ಕಸಿಯುವ ಅಧಿಕಾರ ಅದಕ್ಕೆ ಬೇಡ.

ಕೊನೆಯ ಆಕ್ಷೇಪ ಎಲ್ಲಕ್ಕಿಂತ ಗಟ್ಟಿಯಾದದ್ದು. ನೆದರ್ಲೆಂಡ್ಸ್‌ನಲ್ಲಿ ಕ್ರೌರ್ಯವಿದ್ದದ್ದು ಕಾನೂನಿನಲ್ಲಿ, ಆಸ್ಟ್ರೇಲಿಯಾದಲ್ಲಿ ಅದು ಬಡವರನ್ನು ಅನುಮಾನಿಸುವ ರಾಜಕಾರಣದಲ್ಲಿತ್ತು. ಪಾಪ, ಯಂತ್ರವನ್ನೇಕೆ ದೂರಬೇಕು? ಸಣ್ಣ ತಪ್ಪಿಗೂ ಪೂರ್ತಿ ಹಣ ವಸೂಲಿ ಮಾಡುವುದನ್ನು ಡಚ್ಚರ ಅತ್ಯುನ್ನತ ಆಡಳಿತ ನ್ಯಾಯಾಲಯವೂ 2019ರವರೆಗೆ ಎತ್ತಿಹಿಡಿಯುತ್ತಲೇ ಬಂದಿತ್ತು ಎಂಬುದು ನಿಜ. ಈ ಆಕ್ಷೇಪವನ್ನು ಒಪ್ಪಿಕೊಂಡೇ ಮುಂದೆ ಹೋಗಬೇಕು, ಏಕೆಂದರೆ ಅದು ನಮ್ಮ ವಾದಕ್ಕೇ ಬಲ ಕೊಡುತ್ತದೆ. ಯಂತ್ರಕ್ಕೆ ದುರುದ್ದೇಶವಿಲ್ಲ. ಆದರೆ ದುರುದ್ದೇಶವಿದ್ದವರಿಗೆ ಅದು ತಟಸ್ಥ ಗಣಿತದ ಮುಖವಾಡ ಕೊಡುತ್ತದೆ, ಸದುದ್ದೇಶವಿದ್ದವರಿಗೆ ತಮ್ಮ ತಪ್ಪು ಕಾಣದಂತೆ ಮಾಡುತ್ತದೆ. ಆದ್ದರಿಂದ ಕಡಿವಾಣ ಬೀಳಬೇಕಾದದ್ದು ಯಂತ್ರ ಬಳಸುವ ಅಧಿಕಾರಕ್ಕೆ. ಹಾಗೆಂದು ಯಂತ್ರವೇ ಬೇಡವೆನ್ನುವುದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತೆ.

ನಮ್ಮ ಕೈಯಲ್ಲಿರುವ ಕಾನೂನು

ಈ ಕಡಿವಾಣವನ್ನು ಭಾರತ ಹೊಸದಾಗಿ ಎರಕ ಹೊಯ್ಯಬೇಕಿಲ್ಲ. ಕಾರಣ ತಿಳಿಸದೆ ಪಾಸ್‌ಪೋರ್ಟ್ ವಶಪಡಿಸಿಕೊಂಡ ಮೇನಕಾ ಗಾಂಧಿ ಪ್ರಕರಣದಲ್ಲಿ, ಸರ್ಕಾರದ ನಡವಳಿಕೆ ನ್ಯಾಯೋಚಿತವೂ ಸಕಾರಣವೂ ಆಗಿರಬೇಕೆಂದು ಸುಪ್ರೀಂ ಕೋರ್ಟ್ 1978ರಲ್ಲೇ ಹೇಳಿದೆ. 2005ರ ಮಾಹಿತಿ ಹಕ್ಕು ಕಾಯ್ದೆಯ 4(1)(ಡಿ) ಉಪನಿಯಮ, ಸಾರ್ವಜನಿಕ ಪ್ರಾಧಿಕಾರಗಳು ತಮ್ಮ ಆಡಳಿತಾತ್ಮಕ ನಿರ್ಧಾರಗಳ ಕಾರಣವನ್ನು ಬಾಧಿತರಿಗೆ ತಿಳಿಸಬೇಕೆಂದು ವಿಧಿಸುತ್ತದೆ. ನಿರ್ಧಾರ ಪೆನ್ನಿನಿಂದ ಬಂತೋ ಸಾಫ್ಟ್‌ವೇರಿನಿಂದ ಬಂತೋ ಎಂಬ ಭೇದವನ್ನು ಅದು ಮಾಡುವುದಿಲ್ಲ. ಇದಕ್ಕೆ ಹೋಲಿಸಿದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹಿಂದೆ ಉಳಿಯಿತು. ತಪ್ಪು ಮಾಹಿತಿ ತಿದ್ದಿಸುವ ಹಕ್ಕು ಅದರಲ್ಲಿದೆ, ಆದರೆ ಯಂತ್ರವೊಂದೇ ತೆಗೆದುಕೊಂಡ ನಿರ್ಧಾರವನ್ನು ಪ್ರಶ್ನಿಸುವ ಪ್ರತ್ಯೇಕ ಹಕ್ಕಿಲ್ಲ. ಯುರೋಪಿನಲ್ಲಿ 2018ರಿಂದ ಜಾರಿಯಲ್ಲಿರುವ ದತ್ತಾಂಶ ನಿಯಮಗಳ 22ನೇ ವಿಧಿ ಅಂಥ ಹಕ್ಕು ಕೊಟ್ಟಿದೆ. 2024ರಲ್ಲಿ ಅಲ್ಲಿ ಬಂದ ಕೃತಕ ಬುದ್ಧಿಮತ್ತೆ ಕಾಯ್ದೆಯಂತೂ ಸರ್ಕಾರಿ ಸೌಲಭ್ಯಗಳಿಗೆ ಅರ್ಹತೆ ನಿರ್ಧರಿಸುವ ವ್ಯವಸ್ಥೆಗಳನ್ನು ಹೆಚ್ಚು ಅಪಾಯದ ವರ್ಗಕ್ಕೇ ಸೇರಿಸಿದೆ.

ಕರ್ನಾಟಕಕ್ಕೆ ಈ ಮಾತು ದೂರದ್ದಲ್ಲ. ರಾಜ್ಯದ 'ಕುಟುಂಬ' ದತ್ತಾಂಶ ವ್ಯವಸ್ಥೆ ಪ್ರತಿ ಕುಟುಂಬಕ್ಕೂ ಒಂದು ಗುರುತಿನ ಸಂಖ್ಯೆ ಕೊಟ್ಟು, ಇಲಾಖೆಗಳ ದಾಖಲೆಗಳನ್ನು ಬೆಸೆದು ಸೌಲಭ್ಯಗಳ ಅರ್ಹತೆ ತಿಳಿಯುವ ಗುರಿ ಇಟ್ಟುಕೊಂಡಿದೆ. ಅರ್ಜಿಯನ್ನೇ ಹಾಕದವರಿಗೂ ಪಿಂಚಣಿ ತಲುಪಿಸಲು ಇಂಥ ವ್ಯವಸ್ಥೆ ನೆರವಾಗಬಲ್ಲದು. ಅದೇ ದತ್ತಾಂಶ ಅನರ್ಹರನ್ನು ಹೆಕ್ಕಲೂ ಒದಗುತ್ತದೆ. 2024ರ ನವೆಂಬರ್‌ನಲ್ಲಿ ಬಿಪಿಎಲ್ ಕಾರ್ಡುಗಳ ಪರಿಷ್ಕರಣೆ ಗದ್ದಲಕ್ಕೆ ತಿರುಗಿ, ಸರ್ಕಾರಿ ನೌಕರರು ಮತ್ತು ಆದಾಯ ತೆರಿಗೆ ಕಟ್ಟುವವರನ್ನು ಬಿಟ್ಟು ಉಳಿದವರ ಕಾರ್ಡುಗಳನ್ನು ಮುಂದುವರಿಸುವಂತೆ ಸರ್ಕಾರ ಸೂಚಿಸಬೇಕಾಯಿತು. ಅದು ಕೃತಕ ಬುದ್ಧಿಮತ್ತೆಯ ಪ್ರಕರಣವಾಗಿರಲಿಲ್ಲ. ಆದರೆ ಪಟ್ಟಿಯಿಂದ ಹೆಸರು ಬಿದ್ದುಹೋದ ಮೇಲೆ ಅದನ್ನು ಮರಳಿ ಸೇರಿಸಲು ಎಷ್ಟು ರಾಜಕೀಯ ಒತ್ತಡ ಬೇಕಾಗುತ್ತದೆ ಎಂಬುದನ್ನು ಅದು ತೋರಿಸಿತು. ನಾಳೆ ಆ ಪಟ್ಟಿಯನ್ನು ಅಂಕ ಕೊಡುವ ಯಂತ್ರವೊಂದು ಸಿದ್ಧಪಡಿಸಿದರೆ ಕೂಗಾಡುವವರಿಗೆ ಯಾರನ್ನು ಕೂಗಬೇಕೆಂಬುದೂ ತಿಳಿಯದು.

ಹಾಗಾಗಿ ಕೇಳಬೇಕಾದದ್ದು ಬಹಳವೇನಿಲ್ಲ. ಯಂತ್ರದ ಅಂಕ ತನಿಖೆಗೆ ಆರಂಭವಾಗಲಿ, ಆದೇಶಕ್ಕೆ ಆಧಾರವಾಗದಿರಲಿ. ಸ್ಥಳ ತನಿಖೆ ಮುಗಿದು, ಕನ್ನಡದಲ್ಲಿ ಕಾರಣ ಬರೆದ ನೋಟಿಸ್ ಕೈಗೆ ಬಂದು, ಉತ್ತರಿಸಲು ಅವಕಾಶ ಸಿಗುವವರೆಗೆ ಯಾರ ಪಡಿತರವಾಗಲಿ ಪಿಂಚಣಿಯಾಗಲಿ ನಿಲ್ಲದಿರಲಿ. ಪ್ರತಿ ಆದೇಶದ ಕೆಳಗೂ ಹೆಸರು, ಹುದ್ದೆ ಇರುವ ಒಬ್ಬ ಅಧಿಕಾರಿಯ ಸಹಿ ಇರಲಿ, ತಪ್ಪಾದರೆ ಉತ್ತರ ಕೊಡಬೇಕಾದವರು ಅವರೇ ಆಗಿರಲಿ. ಯಾವ ಇಲಾಖೆ ಯಾವ ಅಲ್ಗಾರಿದಂ ಬಳಸುತ್ತಿದೆ ಎಂಬ ಪಟ್ಟಿ ಸಾರ್ವಜನಿಕವಾಗಿರಲಿ. ಆಮ್ಸ್‌ಟರ್‌ಡ್ಯಾಮ್ ಮತ್ತು ಹೆಲ್ಸಿಂಕಿ ನಗರಗಳು 2020ರಲ್ಲೇ ಅಂಥ ಪಟ್ಟಿ ತೆರೆದಿವೆ. ಇದರಿಂದ ಕೆಲಸ ನಿಧಾನವಾಗುತ್ತದೆ, ಕೆಲವು ಅನರ್ಹರು ಇನ್ನೂ ಕೆಲವು ತಿಂಗಳು ಅಕ್ಕಿ ಪಡೆಯುತ್ತಾರೆ. ಆ ನಷ್ಟವನ್ನು ಹೊರಬೇಕಾದದ್ದು ಖಜಾನೆ. ಅದನ್ನು ಉಳಿಸಲು ಅರ್ಹರೊಬ್ಬರ ಊಟದ ಬಟ್ಟಲನ್ನು ಒತ್ತೆ ಇಡುವ ಅಧಿಕಾರವನ್ನು ನಮ್ಮ ಸಂವಿಧಾನ ಯಾವ ಅಧಿಕಾರಿಗೂ ಕೊಟ್ಟಿಲ್ಲ. ಯಂತ್ರದ ಹೆಸರಿನಲ್ಲಿ ಅದು ಹಿಂಬಾಗಿಲಿನಿಂದ ಬರದಂತೆ ನೋಡಿಕೊಳ್ಳುವ ಕೆಲಸವನ್ನು ಮುಂದಿನ ಸಾಫ್ಟ್‌ವೇರ್ ಟೆಂಡರ್ ಕರೆಯುವ ಮೊದಲೇ ವಿಧಾನಸಭೆ ಮಾಡಿ ಮುಗಿಸಬೇಕು.